ನಾಲ್ಕನೇ ತಗಡು: ಎತ್ತು ಹೂಡದ ದಿನ

"ಗಾಳಿಗೆ ಹೋಗಿರ್ಬೇಕು ತಗೋರಿ," ಎಂದಳು ಬಸಕ್ಕ.

ನಾನು ಅವಳ ಮುಖ ನೋಡಿದೆ. ನಗುವಿನ ಸುಳಿವಿರಲಿಲ್ಲ. ಅರವತ್ತು ದಾಟಿದ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಹೊಲದ ಬದುವಿನ ಮೇಲೆ ನಿಂತು, ಇಬ್ಬರು ಗಟ್ಟಿ ಆಳುಗಳೂ ಎತ್ತಲಾರದ ಕಬ್ಬಿಣದ ಚೌಕಟ್ಟಿನ ತಗಡು ಗಾಳಿಗೆ ಹಾರಿ ಎರಡು ಹೊಲ ದಾಟಿತು ಎನ್ನುತ್ತಿದ್ದಳು.

"ಅಷ್ಟು ಗಾಳಿ ಬಂದಿದ್ರೆ ನಿಮ್ಮ ಹುಲ್ಲಿನ ಬಣವೆ ಎಲ್ಲಿರ್ತಿತ್ತು ಬಸಕ್ಕ?"

"ಬಣವೆಗೆ ಹಗ್ಗ ಬಿಗಿದೀನಲ್ರಿ ಸಾಹೇಬ್ರೆ. ಮಜ್ಜಿಗೆ ಕುಡೀತೀರಾ?"

ಮಜ್ಜಿಗೆ ಕುಡಿದೆ. ಸುಳ್ಳು ಹೇಳುವವರ ಮನೆಯ ಮಜ್ಜಿಗೆ ಯಾವಾಗಲೂ ಚೆನ್ನಾಗಿರುತ್ತದೆ. ಇದು ಪೊಲೀಸ್ ನೌಕರಿಯಲ್ಲಿ ನಾನು ಕಂಡುಕೊಂಡ ಸತ್ಯ.

ವಿಷಯ ಇಷ್ಟೇ: ಅಂಬ್ಲಿಗೊಳದ ಹಿನ್ನೀರಿನ ಪಕ್ಕ, ಈಕೆಯ ಹೊಲದಲ್ಲಿ ಸರ್ಕಾರ ಇಟ್ಟಿದ್ದ ಒಂದು ತಗಡನ್ನು ಯಾರೋ ಎಳೆದು ಬೇರೆ ಕಡೆ ಹಾಕಿದ್ದರು, ಮತ್ತು ಆ ತಪ್ಪಿಗೆ ಶಿಕಾರಿಪುರದ ಕೊಟ್ರೇಶನನ್ನು ಅಂದೇ ಸಂಜೆ ಬೆಂಗಳೂರಿಗೆ ಒಯ್ಯುವವರಿದ್ದರು.

ಕೊಟ್ರೇಶ ವಿಮಾನಗಳನ್ನು ಪರೀಕ್ಷೆ ಮಾಡುವ ಒಂದು ಇಲಾಖೆಯಲ್ಲಿ ಟೆಕ್ನಿಷಿಯನ್. ಇಲಾಖೆಯ ಹೆಸರು ಬರೆಯಬಾರದೆಂದು ನನಗೆ ತಾಕೀತಾಗಿದೆ, ಬರೆಯುವುದಿಲ್ಲ. ಜೀಪು ಹತ್ತಿದನೆಂದರೆ ಅವನ ಮೇಲೆ ಬೀಳುವುದು ದೇಶಕ್ಕೆ ಮೋಸ ಮಾಡಿದ ಕೇಸು. ಅವನ ಹೆಂಡತಿ ಗಂಗಾಶ್ರೀ ನನ್ನ ಮನೆ ಬಾಗಿಲಿಗೆ ಬಂದು, "ಅವರು ಅಂಥೋರಲ್ಲ ಸಾರ್, ನೀವೇ ಏನಾರ ಮಾಡ್ರಿ," ಎಂದು ಅತ್ತಿದ್ದರಿಂದ ನಾನು ಇದರಲ್ಲಿ ತಲೆ ಹಾಕಿದ್ದೆ. ಇನ್‌ಸ್ಪೆಕ್ಟರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಈ ಆನಂದಪ್ಪ ಮಾಡುತ್ತಿದ್ದ ಪತ್ತೇದಾರಿಕೆ ಎಂದರೆ, ಮದುವೆ ಗಂಡು ಕುಡಿಯುತ್ತಾನೋ ಇಲ್ಲವೋ ಎಂದು ಹೆಣ್ಣಿನ ಕಡೆಯವರಿಗೆ ನೋಡಿಬಂದು ಹೇಳುವುದು. ವಿಮಾನದ ಉಸಾಬರಿ ನಿಮಗ್ಯಾಕೆ ಎಂದು ನನ್ನ ಹೆಂಡತಿ ನೀಲಾಂಬಿಕ ಬೈದಳು. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಳ್ಳಿ ಎಂದು ನೆನಪಿಸಿದವಳೂ ಅವಳೇ.

ತಗಡಿನ ಕಥೆಯನ್ನು, ಈ ಪರೀಕ್ಷೆಯ ಉಸ್ತುವಾರಿಯೂ ಆಗಿದ್ದ ವಿಚಾರಣಾಧಿಕಾರಿ ಮಹೇಶ್ವರಪ್ಪನವರು ನನಗೆ ಬಿಡಿಸಿ ಹೇಳಿದ್ದರು. ದೇಶಕ್ಕೆ ಹೊಸ ಯುದ್ಧವಿಮಾನ ಬೇಕು. ಎರಡು ಪರದೇಶದ ವಿಮಾನಗಳು ಕೊನೆಯ ಸುತ್ತಿಗೆ ಬಂದಿದ್ದವು. ಒಂದು ಉದ್ದ ಮೂಗಿನದು, ಇನ್ನೊಂದು ಗಿಡ್ಡ ಮೂಗಿನದು. ಮೂಗಿನ ಮಾತು ಯಾಕೆಂದರೆ ರೇಡಾರ್ ಇರುವುದೇ ಅಲ್ಲಿ. ಯಾವ ವಿಮಾನ ಜೋರಾಗಿ ಹಾರುತ್ತದೆ ಎನ್ನುವುದು ಈಗ ದೊಡ್ಡ ಮಾತಲ್ಲವಂತೆ. ದೂರದಿಂದ ಯಾವುದು ಮೊದಲು ನೋಡುತ್ತದೆ ಎನ್ನುವುದೇ ಮಾತು. ಮೊದಲು ಕಂಡವನು ಮೊದಲು ಹೊಡೆಯುತ್ತಾನೆ, ಕಾಣದವನು ಮನೆಗೆ ಬರುವುದಿಲ್ಲ.

ಬರೀ ಆಕಾಶದಲ್ಲಿ ಇರುವುದನ್ನು ನೋಡುವುದು ಸುಲಭ. ಕೆಳಗೆ ನೆಲದ ಕಡೆ ನೋಡಬೇಕಾದಾಗ ಹಳೆಯ ರೇಡಾರ್ ತಬ್ಬಿಬ್ಬಾಗುತ್ತದೆ. ಅದು ಬಿಟ್ಟ ಅಲೆಗೆ ಕಲ್ಲು, ಮರ, ಗುಡ್ಡ, ಕೆರೆ ಏರಿ ಎಲ್ಲವೂ ಒಟ್ಟಿಗೆ ಉತ್ತರ ಕೊಡುತ್ತವೆ. ಸಂತೆಯ ಗದ್ದಲದಲ್ಲಿ ತನ್ನ ಮಗುವಿನ ಅಳು ಯಾವುದೆಂದು ತಾಯಿ ಹುಡುಕಬೇಕಲ್ಲ, ಹಾಗೆ. ಹೊಸ ರೇಡಾರಿನೊಳಗೆ ಕಂಪ್ಯೂಟರ್ ಇದೆ. ಅದು ಗದ್ದಲವನ್ನು ಬೇರೆ ತೆಗೆದು ಬೇಕಾದ ಒಂದನ್ನು ಹಿಡಿಯಬೇಕು.

ನಿಜವಾಗಿ ಹಿಡಿಯುತ್ತದೋ ಇಲ್ಲವೋ ನೋಡಲು ಮೂರು ಹಾಳೆ ತಗಡನ್ನು ಕೋಣೆಯ ಮೂಲೆಯಂತೆ ಜೋಡಿಸುತ್ತಾರೆ. ಬಿದ್ದ ಅಲೆಯನ್ನು ಅದು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಆಳೆತ್ತರದ ಅಂಥ ನಾಲ್ಕು ತಗಡುಗಳನ್ನು ಕೊಟ್ರೇಶ ಭಾನುವಾರ ನಾಲ್ಕು ಕಡೆ ಇಡಿಸಿದ್ದ: ಬಂದಳಿಕೆಯ ಹಾಳುಗುಡಿಗಳ ಹಿಂದೆ ಒಂದು, ತೊಗರ್ಸಿಯ ಬಯಲಲ್ಲಿ ಒಂದು, ಸೊರಬದ ಕಡೆಯ ಗುಡ್ಡದ ಬುಡದಲ್ಲಿ ಒಂದು, ನಾಲ್ಕನೆಯದು ಬಸಕ್ಕನ ಹೊಲದಲ್ಲಿ. ವಿಮಾನದಲ್ಲಿ ಕೂತವರಿಗೆ ಜಾಗ ಹೇಳುವುದಿಲ್ಲ. ಅವರು ರೇಡಾರಿನಿಂದಲೇ ಹುಡುಕಿ ನಕ್ಷೆಯ ಮೇಲೆ ಗುರುತು ಮಾಡಬೇಕು. ಕಾವಲು ಹಾಕಿದರೆ ಜಾಗದ ಸುದ್ದಿ ಹಬ್ಬುತ್ತದೆಂದು ಕಾವಲೂ ಇಟ್ಟಿರಲಿಲ್ಲ.

ಮಂಗಳವಾರ ಉದ್ದ ಮೂಗಿನದು ಹಾರಿತು. ನಾಲ್ಕೂ ತಗಡನ್ನು ಇಟ್ಟಲ್ಲೇ ಗುರುತಿಸಿತು. ಗುರುವಾರ ಗಿಡ್ಡ ಮೂಗಿನದು ಹಾರಿತು. ಮೂರು ಸರಿ, ನಾಲ್ಕನೆಯದನ್ನು ಎರಡು ಹೊಲ ಆಚೆ ತೋರಿಸಿತು. ಅಧಿಕಾರಿಗಳು ಇದರ ಕಣ್ಣು ಮಂಜು ಎಂದುಕೊಂಡು ಶುಕ್ರವಾರ ತಗಡು ಒಯ್ಯಲು ಬಂದರೆ, ತಗಡು ನಿಜವಾಗಿಯೂ ಎರಡು ಹೊಲ ಆಚೆ, ಬಸಕ್ಕನ ಮೈದುನ ಮಂಜಪ್ಪನ ಹೊಲದಲ್ಲಿ ನಿಂತಿತ್ತು. ಅದಕ್ಕೆ ಮಂಜಪ್ಪ ಒಂದು ಕರು ಕಟ್ಟಿದ್ದ. ತಗಡು ಯಾವ ದಿನ ಬಂತೆಂದು ಕೇಳಿದರೆ, ಆ ವಾರ ನಾನು ಹೊಲಕ್ಕೆ ಬಂದದ್ದೇ ಗುರುವಾರ ಎಂದ.

ಅಲ್ಲಿಂದ ಲೆಕ್ಕ ಸುಲಭವಾಯಿತು. ಮಂಗಳವಾರ ತಗಡು ಸರಿಯಾದ ಜಾಗದಲ್ಲಿತ್ತು, ಗುರುವಾರ ಇರಲಿಲ್ಲ. ಹಾಗಾದರೆ ಬುಧವಾರ ಯಾರೋ ಸರಿಸಿದ್ದಾರೆ. ಗಿಡ್ಡ ಮೂಗಿನದನ್ನು ಸೋಲಿಸಲು ಉದ್ದ ಮೂಗಿನವರ ಪರವಾಗಿ ಯಾರೋ ಮಾಡಿದ ಕೆಲಸ. ಗುರುವಾರ ರಾತ್ರಿ ವಾಪಸ್ ಇಡುವ ಹುನ್ನಾರವಿತ್ತು, ಆಗಲಿಲ್ಲ. ಬುಧವಾರ ಕೊಟ್ರೇಶನಿಗೆ ರಜೆ. ಎಲ್ಲಿದ್ದೆ ಎಂದರೆ ಮನೆಯಲ್ಲಿ ಮಲಗಿದ್ದೆ ಎನ್ನುತ್ತಾನೆ. ಸಾಕ್ಷಿ ಯಾರೆಂದರೆ ಹೆಂಡತಿ. ಹೆಂಡತಿಯ ಸಾಕ್ಷಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಜ್ಜಿಗೆ ಲೋಟ ಕೆಳಗಿಟ್ಟು ಮತ್ತೆ ನೆಲ ನೋಡಿದೆ.

ನೀರು ಹಿಂದೆ ಸರಿದ ಮೇಲೆ ಹಸಿಯಾಗಿದ್ದ ಮಣ್ಣು. ಈಗ ಒಣಗಿ ಗುರುತುಗಳು ಗಟ್ಟಿಯಾಗಿ ಉಳಿದಿದ್ದವು. ಚೌಕಟ್ಟಿನ ಕಾಲು ಕೊರೆದ ಎರಡು ಗೆರೆ ಬದುವಿನತನಕ ಹೋಗಿದ್ದವು. ಗೆರೆಗಳ ನಡುವೆ ಬರಿಗಾಲಿನ ಹೆಜ್ಜೆ, ಬೆರಳು ಆಳವಾಗಿ ಊರಿದ ಹೆಜ್ಜೆ. ಎತ್ತಿನ ಗೊರಸು ಒಂದೂ ಇರಲಿಲ್ಲ.

ಕೊಟ್ಟಿಗೆಯಲ್ಲಿ ಮಾತ್ರ ಎರಡು ಹೋರಿಗಳು ಕೊಬ್ಬಿ ನಿಂತಿದ್ದವು.

ಇದು ಕೊಟ್ರೇಶನಿಗೆ ಒಳ್ಳೆಯ ಸುದ್ದಿಯಲ್ಲ. ಊರಿನವರು ಯಾರಾದರೂ ಎಳೆದಿದ್ದರೆ ಎತ್ತು ಕಟ್ಟುತ್ತಿದ್ದರು, ಎದೆ ಬಿರಿಯುವಂತೆ ತಾವೇ ಯಾಕೆ ಎಳೆಯುತ್ತಾರೆ? ಎತ್ತಿಲ್ಲದ ಹೊರಗಿನವನು ಬಂದು ಎಳೆದಿದ್ದಾನೆ ಎಂದು ಮಹೇಶ್ವರಪ್ಪ ಹೇಳಿದರೆ ನಾನು ಏನೂ ಹೇಳುವಂತಿರಲಿಲ್ಲ.

ಹೊಲದ ಮಧ್ಯೆ ಇನ್ನೊಂದು ಗುರುತಿತ್ತು. ಚೌಕಾಕಾರದ ಜಾಗದ ತುಂಬ ಕುರಿ ಹಿಕ್ಕೆ.

"ಕುರಿ ತರುಬಿಸಿದ್ರಾ?"

"ಗೊಬ್ಬರಕ್ಕೆ ಅಂತ. ಲೋಕಪ್ಪನ ಮಂದೆ. ಹೋದ ವಾರನೇ ಎದ್ದು ಹೋತು." ಅವಳ ದನಿ ಸ್ವಲ್ಪ ಇಳಿಯಿತು.

"ಎಲ್ಲಿಗೆ?"

"ನನಗೆ ಹೇಳಿ ಹೋಗ್ತಾವೇನ್ರಿ ಕುರಿ?"

ಕುರಿ ಹೇಳಿರಲಿಲ್ಲ. ಪಕ್ಕದ ಹೊಲದ ಮಂಜಪ್ಪ ಹೇಳಿದ: ಸೊರಬದ ಕಡೆ.

*

ಸೊರಬ ಮುಟ್ಟುವ ಹೊತ್ತಿಗೆ ಸ್ಕೂಟರೂ ನಾನೂ ಇಬ್ಬರೂ ಬಿಸಿಲಿಗೆ ಕಾದುಹೋಗಿದ್ದೆವು. ಊರಿನ ಅಂಚಿನ ಚಹಾದಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ಹುಡುಕ್ತಿದೀರಿ ಮಾರಾಯ್ರೆ ಈ ಬಿಸಿಲಲ್ಲಿ?"

"ಕುರಿ."

"ತಗಳ್ಳಕ್ಕಾ?"

"ಮಾತಾಡಿಸೋಕೆ."

ಅವನು ಮತ್ತೆ ಏನೂ ಕೇಳದೆ, ಗದ್ದೆ ಬಯಲಿನ ಕಡೆ ಕೈ ತೋರಿಸಿದ. ಹುಚ್ಚರ ಜೊತೆ ಮಾತು ಬೆಳೆಸಬಾರದೆನ್ನುವ ವಿವೇಕ ಅವನಿಗಿತ್ತು.

ಕೊಯ್ಲಾದ ಗದ್ದೆಯಲ್ಲಿ ಮಂದೆ ಮೇಯುತ್ತಿತ್ತು. ಲೋಕಪ್ಪ ಕಂಬಳಿ ಹೊದ್ದು ಕೋಲಿಗೆ ಒರಗಿ ನಿಂತಿದ್ದ. ಅವನ ಹೆಂಡತಿ ದುರುಗಮ್ಮ ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

"ತಗಡಾ? ಯಾವ್ ತಗಡ್ರಿ? ನಮಗೇನೂ ಗೊತ್ತಿಲ್ರಿ," ಎಂದ ಲೋಕಪ್ಪ.

"ಬಸಕ್ಕನ ಹೊಲದಲ್ಲಿ ಇದ್ದದ್ದು."

"ಕುರಿ ಕಾಯೋ ಜನ ನಾವು. ತಗಡು ಪಗಡು ನಮಗ್ಯಾಕ್ರಿ?"

"ಸುಳ್ಳು ಯಾಕೆ ಹೇಳ್ತೀಯ?" ದುರುಗಮ್ಮ ಒಲೆಯಿಂದ ತಲೆ ಎತ್ತದೆ ಅಂದಳು. "ಹೆಗಲು ಬಾತೈತಿ ಅಂತ ಎಣ್ಣೆ ತಿಕ್ಕಿಸ್ಕೊಂಡಿದ್ದು ಯಾರು? ನಿನ್ನ ಟಗರಾ?"

ಲೋಕಪ್ಪ ಹೆಂಡತಿಯನ್ನು ನುಂಗುವಂತೆ ನೋಡಿದ. ನಾನು ಅಲ್ಲೇ ಬದುವಿನ ಮೇಲೆ ಕೂತೆ. ಕೂತವನನ್ನು ಓಡಿಸುವುದು ಕಷ್ಟ. ಅದೂ ರೊಟ್ಟಿ ಬೇಯುವ ಹೊತ್ತಿನಲ್ಲಿ.

"ಲೋಕಪ್ಪ, ನಿನಗೆ ಯಾರೂ ಏನೂ ಮಾಡಲ್ಲ. ಒಬ್ಬ ಹುಡುಗ ಮಾಡದೆ ಇರೋ ತಪ್ಪಿಗೆ ಜೈಲಿಗೆ ಹೋಗ್ತಿದಾನೆ. ಎಳೆದಿದ್ದು ಯಾರು?"

ಅವನು ಕೋಲಿನಿಂದ ನೆಲ ಕೆದಕಿದ. "ಬಸಕ್ಕ, ನಾನು. ಆವಮ್ಮ ಅತ್ಕೊಂಡು ಬಂದ್ಲು ಸಾಹೇಬ್ರೆ. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರ್ದಾರೆ, ಇದು ಮುಳುಗಡೆ ಗುರ್ತು, ಆಣೆಕಟ್ಟು ಎತ್ತರ ಮಾಡ್ತಾರೆ, ನನ್ನ ಹೊಲ ನೀರಿಗೆ ಹೋಗತ್ತೆ ಅಂದ್ಲು. ಮಂಜಪ್ಪಂಗೆ ಬೇಜಾನ್ ಹೊಲ ಐತಿ, ಅವನ್ದರಾಗೆ ನಿಲ್ಸೋಣ ಬಾ ಅಂದ್ಲು. ಉಪ್ಪು ತಿಂದೀನಿ, ಇಲ್ಲ ಅನ್ನಕ್ಕಾಗತ್ತೇನ್ರಿ?"

ನನಗೆ ನಗು ಬಂತು, ಸಿಟ್ಟೂ ಬಂತು. ದಿಲ್ಲಿಯಲ್ಲಿ ಎರಡು ದೇಶಗಳ ರಾಯಭಾರಿಗಳು ಮುಖ ಊದಿಸಿಕೊಂಡು ಕೂತಿದ್ದಾರೆ. ಇಲ್ಲಿ ನಮ್ಮ ಬಸಕ್ಕ ಮುಳುಗಡೆಯನ್ನು ಮೈದುನನ ಹೊಲಕ್ಕೆ ದಾಟಿಸಿದ್ದಾಳೆ. ನಮ್ಮ ಕಡೆಯ ಜನ ಹೊಲದಲ್ಲಿ ಸರ್ಕಾರದ ಬಣ್ಣ ಕಂಡರೆ ಮೊದಲು ನೆನೆಯುವುದು ನೀರನ್ನೇ. ಅವರನ್ನು ಬೈದು ಪ್ರಯೋಜನವಿಲ್ಲ.

"ಅಲ್ಲಯ್ಯಾ, ಕೊಟ್ಟಿಗೆಯಲ್ಲಿ ಎತ್ತಿರಲಿಲ್ವಾ? ಕೈಯಲ್ಲಿ ಯಾಕೆ ಎಳೆದ್ರಿ?"

"ನಾನೂ ಅದೇ ಅಂದೆ! ಬೈಸ್ಕೊಂಡೆ. ಸೋಮಾರ ಬಸವಣ್ಣನ ಹೆಗಲಿಗೆ ನೊಗ ಇಡು ಅಂತೀಯೇನೋ ಮುಟ್ಠಾಳ ಅಂದ್ಲು."

"ಸೋಮವಾರ?"

"ಹ್ಞೂ ಸೋಮಾರ. ಹೊಲ ಹೋದ್ರೂ ಹೋಗ್ಲಿ, ಸೋಮಾರ ಎತ್ತು ಹೂಡಲ್ಲ ಅಂದ್ಲು. ಬ್ಯಾರೆ ದಿವ್ಸ ಆಗಿದ್ರೆ ನಾನ್ಯಾಕೆ ಹೆಗಲು ಕೊಡ್ತಿದ್ದೆ?"

ಸೋಮವಾರ ಎತ್ತಿಗೆ ಬಿಡುವು. ನಮ್ಮ ಸೀಮೆಯ ಯಾವ ಮನೆಯಲ್ಲಿ ಕೇಳಿದರೂ ಇದೇ ಮಾತು. ನನ್ನ ಅಪ್ಪನೂ ಹಾಗೇ ಮಾಡುತ್ತಿದ್ದ. ಎತ್ತು ಮಾರಿ ಪೇಟೆ ಸೇರಿದ ನನಗೆ ಅದು ಹೊಳೆಯಲಿಲ್ಲ. ಗೊರಸಿನ ಗುರುತಿಲ್ಲವೆಂದು ಹೊರಗಿನವನನ್ನು ಹುಡುಕುತ್ತಿದ್ದೆ, ಎಳೆದದ್ದು ಮನೆಯವಳೇ.

"ಯಾವ ಸೋಮವಾರ, ಸರಿಯಾಗಿ ಹೇಳು."

"ಮರುದಿವ್ಸ ವಿಮಾನ ಬಂತಲ್ರಿ, ಮೊದಲ್ನೇದು, ಉದ್ದ ಮೂತಿದು. ಅದರ ಸದ್ದಿಗೆ ಕುರಿ ಬಲೆ ಹರ್ಕೊಂಡು ಓಡಿದ್ವು. ಗಬ್ಬದ ಕುರಿ ಎರಡು ಕಂದು ಹಾಕಿದ್ವು. ಈ ಸಹವಾಸ ಬ್ಯಾಡ ಅಂತ ಅವತ್ತೇ ಎದ್ವಿ. ಮಂಗಳವಾರ ರಾತ್ರಿ ನಾವು ತೊಗರ್ಸಿ ಹತ್ರ ಇದ್ವಿ, ಬೇಕಾದ್ರೆ ಅಲ್ಲಿ ಗೌಡ್ರನ್ನ ಕೇಳ್ರಿ."

ದುರುಗಮ್ಮ ರೊಟ್ಟಿ ತಂದು ನನ್ನ ಕೈಗಿಟ್ಟಳು. ತಿನ್ನುವುದು ಮರೆತು ಹಾಗೇ ಹಿಡಿದು ಕೂತಿದ್ದೆ.

ಸೋಮವಾರವೇ ತಗಡು ಮಂಜಪ್ಪನ ಹೊಲಕ್ಕೆ ಹೋಗಿದೆ. ಹಾಗಾದರೆ ಮಂಗಳವಾರ ಉದ್ದ ಮೂಗಿನ ವಿಮಾನ ಹಾರಿದಾಗ ಬಸಕ್ಕನ ಹೊಲದಲ್ಲಿ ಏನೂ ಇರಲಿಲ್ಲ. ಕುರಿ ಇತ್ತು, ಹಿಕ್ಕೆ ಇತ್ತು. ತಗಡು ಇರಲಿಲ್ಲ. ಆದರೂ ಆ ವಿಮಾನ ತಗಡು ಇಲ್ಲೇ ಇದೆ ಎಂದು ನಕ್ಷೆಯ ಮೇಲೆ ಗುರುತು ಮಾಡಿತ್ತು.

ಕಂಡಿದ್ದರೆ ಮಂಜಪ್ಪನ ಹೊಲದಲ್ಲಿ ಕಾಣಬೇಕಿತ್ತು. ಅದು ಕಂಡೇ ಇರಲಿಲ್ಲ. ಜಾಗ ಮೊದಲೇ ಗೊತ್ತಿತ್ತು, ಗೊತ್ತಿದ್ದ ಜಾಗಕ್ಕೆ ಚುಕ್ಕೆ ಇಟ್ಟಿದ್ದರು. ತಪ್ಪು ತೋರಿಸಿತೆಂದು ಬೈಸಿಕೊಂಡ ಗಿಡ್ಡ ಮೂಗಿನದೇ ಇದ್ದದ್ದನ್ನು ಇದ್ದ ಹಾಗೆ ಕಂಡಿತ್ತು.

ಅಂದರೆ ಕೊಟ್ರೇಶ ಬುಧವಾರ ಏನನ್ನೂ ಸರಿಸಿಲ್ಲ. ನನಗೆ ಎದ್ದು ಕುಣಿಯಬೇಕೆನಿಸಿತು, ಸೊಂಟ ಒಪ್ಪಲಿಲ್ಲ. ರೊಟ್ಟಿಯನ್ನು ಜೇಬಿಗೆ ತುರುಕಿಕೊಂಡು ಸ್ಕೂಟರ್ ಒದ್ದೆ.

*

ಬಸಕ್ಕನನ್ನು ಒಪ್ಪಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಲೋಕಪ್ಪನ ಹೆಸರು ಹೇಳಿದೊಡನೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಮುಳುಗಡೆ ಅಲ್ವಾ ಹಂಗಾರೆ ಅದು?"

"ಅಲ್ಲ ಬಸಕ್ಕ. ವಿಮಾನದ ಕಣ್ಣು ಪರೀಕ್ಷೆ ಮಾಡೋದು."

"ಆಣೆ?"

"ಆಣೆ."

"ಮುಂಡೇದು, ಅಷ್ಟು ಕಷ್ಟಪಟ್ಟು ಎಳೆದ್ವಿ. ನನ್ನ ತವರಿನ ಹೊಲ ಹೋಗಿದ್ದು ಹಿಂಗೇ ಸಾಹೇಬ್ರೆ. ಮೊದ್ಲು ಕೆಂಪು ಬಣ್ಣ ಬಂತು, ಆಮೇಲೆ ನೀರು ಬಂತು. ಯಾರೂ ಒಂದು ಮಾತು ಹೇಳ್ಲಿಲ್ಲ." ಆಮೇಲೆ ಕೇಳಿದಳು, "ಆ ಹುಡುಗಂಗೆ ಮಕ್ಕಳು ಅದಾವಾ?"

"ಒಂದು ಹೆಣ್ಣು. ಅಶ್ವಿನಿ ಅಂತ, ಇನ್ನೂ ಶಾಲೆಗೆ ಸೇರಿಲ್ಲ."

"ನಡೀರಿ, ಹೇಳ್ತೀನಿ."

ಸ್ಕೂಟರಿನ ಹಿಂದೆ ಕೂತು ನನ್ನ ಅಂಗಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಶಿಕಾರಿಪುರದ ಪೇಟೆಬೀದಿಯಲ್ಲಿ ಜನ ನಿಂತು ನೋಡಿದರು. ನೀಲಾಂಬಿಕಳಿಗೆ ನನಗಿಂತ ಮುಂಚೆ ಸುದ್ದಿ ಮುಟ್ಟುತ್ತದೆಂದು ಗೊತ್ತಿತ್ತು.

ಪ್ರವಾಸಿ ಮಂದಿರದ ಮುಂದೆ ಜೀಪು ತಯಾರಾಗಿ ನಿಂತಿತ್ತು. ಡ್ರೈವರ್ ಗಾಜು ಒರೆಸುತ್ತಿದ್ದ. ಜಗಲಿಯ ಕಂಬಕ್ಕೆ ಒರಗಿ ಗಂಗಾಶ್ರೀ ಕೂತಿದ್ದಳು, ಪಕ್ಕದಲ್ಲಿ ಗಂಡನಿಗೆಂದು ತಂದ ಊಟದ ಕ್ಯಾರಿಯರ್. ಅತ್ತು ಅತ್ತು ಮುಖ ಬಾತಿತ್ತು. ಬೀದಿ ನಲ್ಲಿಯ ಹತ್ತಿರ ಹೆಂಗಸರು ಅವಳ ಕೊಡ ಕಂಡರೆ ಸರಿದು ನಿಲ್ಲುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಏಳಮ್ಮಾ," ಎಂದೆ. "ನಿನ್ನ ಗಂಡ ಇವತ್ತು ಮನೇಲೇ ಊಟ ಮಾಡ್ತಾನೆ."

ಅವಳು ದಡಬಡಿಸಿ ಎದ್ದಳು. "ನಿಜಾನಾ ಸಾರ್? ಸಿಕ್ಕಿದ್ರಾ ಎಳೆದೋರು?"

"ಇವರೇ."

ಗಂಗಾಶ್ರೀ ಬಸಕ್ಕನ ಕಾಲಿಗೆ ಬೀಳಹೋದಳು. ಬಸಕ್ಕ ಹಿಡಿದೆತ್ತಿ, "ನಾನೇ ನಿನ್ನ ಕಾಲಿಗೆ ಬೀಳ್ಬೇಕವ್ವಾ," ಎಂದಳು.

ಒಳಗೆ ಮಹೇಶ್ವರಪ್ಪ ಮೇಜಿನ ಹಿಂದೆ ನೆಟ್ಟಗೆ ಕೂತಿದ್ದರು. ದಾವಣಗೆರೆ ಕಡೆಯ ಮನುಷ್ಯ, ದೊಡ್ಡ ಹುದ್ದೆ, ನಗುವುದನ್ನು ಎಲ್ಲೋ ಮರೆತು ಬಂದವರು. ಅವರ ಬಗ್ಗೆ ನನಗೆ ಅನುಮಾನವಿತ್ತು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಕೇಸನ್ನು ಬೇಗ ಮುಚ್ಚುವ ಅಧಿಕಾರಿಗಳನ್ನು ಕಂಡರೆ ನನಗಾಗುವುದಿಲ್ಲ.

ನಾನು ಹೇಳಿದೆ. ಬಸಕ್ಕ ಹೇಳಿದಳು. ಸೋಮವಾರ ಎನ್ನುವ ಮಾತು ಬಂದಾಗ ಅವರ ಕೈಯ ಪೆನ್ನು ನಿಂತಿತು.

"ಬುಧವಾರ ಅಲ್ಲವೇ ಅಮ್ಮಾ? ಯೋಚನೆ ಮಾಡಿ ಹೇಳಿ."

"ಬುಧವಾರ ಆಗಿದ್ರೆ ಎತ್ತು ಹೂಡ್ತಿದ್ನಲ್ರಿ. ಹೆಗಲು ನೋಡ್ತೀರಾ, ಇನ್ನೂ ಬಾವು ಇಳಿದಿಲ್ಲ."

"ಕುರಿಯವನೂ ಅದನ್ನೇ ಹೇಳುತ್ತಾನೆ," ಎಂದೆ. "ಮಂಗಳವಾರವೇ ಮಂದೆ ಎದ್ದಿದೆ. ತೊಗರ್ಸಿಯಲ್ಲಿ ನೋಡಿದವರಿದ್ದಾರೆ."

ಅವರು ಪೆನ್ನನ್ನು ಕೆಳಗಿಟ್ಟರು. ಆಮೇಲೆ ನಿಧಾನವಾಗಿ, ತಮಗೇ ಹೇಳಿಕೊಳ್ಳುವಂತೆ ಹೇಳಿದರು. "ಹಾಗಾದರೆ ಉದ್ದ ಮೂಗಿನದು ಖಾಲಿ ನೆಲದಲ್ಲಿ ತಗಡು ಕಂಡಿದೆ."

"ಹೌದು."

"ಎರಡೂ ಸರಿಯಾಗಿ ಕಂಡಿವೆ, ಎರಡೂ ಸಮ ಅಂತ ನಾವು ಬರೆದಾಗಿದೆ. ಬೇರೆ ಅನುಕೂಲ ನೋಡಿ ಉದ್ದ ಮೂಗಿನದನ್ನೇ ತೆಗೆದುಕೊಳ್ಳಲು ಶಿಫಾರಸೂ ಸಿದ್ಧವಾಗಿದೆ." ಅವರು ಕನ್ನಡಕ ತೆಗೆದರು. "ಆನಂದಪ್ಪನವರೇ, ಇಲ್ಲಿ ಜಾಗ ಹೇಳಿಕೊಟ್ಟು ಪಾಸು ಮಾಡಿಸಬಹುದು. ನಾಳೆ ಅದರಲ್ಲಿ ಕೂತು ಹಾರುವ ಹುಡುಗನಿಗೆ ಶತ್ರು ಎಲ್ಲಿದ್ದಾನೆಂದು ಯಾರು ಹೇಳಿಕೊಡುತ್ತಾರೆ?"

ಅನುಮಾನ ಪಟ್ಟಿದ್ದಕ್ಕೆ ನನಗೆ ನಾಚಿಕೆಯಾಯಿತು.

"ನಾಲ್ಕೂ ಜಾಗ ಯಾರಿಗೆ ಗೊತ್ತಿತ್ತು?" ಎಂದು ಕೇಳಿದೆ.

"ಇಬ್ಬರಿಗೆ. ಇಟ್ಟ ಆಳುಗಳು ಒಂದೊಂದು ಕಡೆಗೆ ಬೇರೆ ಬೇರೆ, ಅವರಿಗೆ ನಾಲ್ಕೂ ಗೊತ್ತಿಲ್ಲ. ಒಬ್ಬ ಕೊಟ್ರೇಶ್. ಇನ್ನೊಬ್ಬ ನಾನು." ಅವರು ತಡವರಿಸಲಿಲ್ಲ. "ನನ್ನನ್ನೂ ವಿಚಾರಿಸಲಿ. ನಾನೇ ಬರೆದು ಕಳಿಸುತ್ತೇನೆ. ಆದರೆ ತಗಡು ಸರಿಸಿದ ಕೇಸಿನಲ್ಲಿ ಕೊಟ್ರೇಶನನ್ನು ಇನ್ನು ಒಂದು ನಿಮಿಷವೂ ಹಿಡಿದಿಡುವ ಹಕ್ಕು ನನಗಿಲ್ಲ. ಕರೆಯಿರಿ ಅವನನ್ನು."

ಹಿಂದಿನ ಕೋಣೆಯಿಂದ ಕೊಟ್ರೇಶನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ಬಾಗಿಲ ಹೊರಗೆ ನಿಂತಿದ್ದ ಗಂಗಾಶ್ರೀಯನ್ನು ಅವನು ಇನ್ನೂ ನೋಡಿರಲಿಲ್ಲ.

ಮಹೇಶ್ವರಪ್ಪ ಎಲ್ಲವನ್ನೂ ಹೇಳಿದರು. ಮುಳುಗಡೆ, ಮೈದುನನ ಹೊಲ, ಸೋಮವಾರ. ಕೊಟ್ರೇಶ ಮೊದಲು ಬಸಕ್ಕನನ್ನು ನೋಡಿದ, ಆಮೇಲೆ ನನ್ನನ್ನು. ಅವನ ಮುಖ ಅರಳಿತು. ಬಿಡುಗಡೆಯ ಸಂತೋಷ ಅಂದುಕೊಂಡೆ. ಅದಕ್ಕಿಂತ ಮೊದಲು ಅವನಿಗೆ ಹೊಳೆದದ್ದು ಅವನ ಕೆಲಸ.

"ಹಂಗಾದ್ರೆ ಗಿಡ್ಡ ಮೂಗಿಂದು ಸರಿಯಾಗೇ ನೋಡೈತಿ ಸರ್! ನಾನು ಅವತ್ತೇ ಅಂದೆ, ಆ ರೇಡಾರ್ ಅಷ್ಟು ತಪ್ಪು ಮಾಡಲ್ಲ ಅಂತ. ಮೂರನ್ನ ಕೂದಲೆಳೆ ಲೆಕ್ಕದಲ್ಲಿ ಹಿಡಿದದ್ದು ನಾಲ್ಕನೇದನ್ನ ಹೆಂಗೆ ಬಿಡತ್ತೆ?"

"ಉದ್ದ ಮೂಗಿನದು?" ಎಂದರು ಮಹೇಶ್ವರಪ್ಪ.

"ಅದು..." ಅವನು ನಿಂತ. "ಅದಕ್ಕೆ ಅಲ್ಲಿ ಏನೂ ಕಾಣೋಕೆ ಸಾಧ್ಯ ಇಲ್ಲ ಸರ್. ಅಲ್ಲಿ ಏನೂ ಇರಲಿಲ್ಲ. ಯಾರೋ ಜಾಗ ಹೇಳಿದಾರೆ."

"ಯಾರು?"

"ನಾನಂತೂ..." ಎಂದು ಹೇಳುತ್ತ ಕೊಟ್ರೇಶ ಬಾಗಿಲ ಕಡೆ ತಿರುಗಿದ. ಗಂಗಾಶ್ರೀ ಅಲ್ಲಿ ನಿಂತಿದ್ದಳು.

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟೇ. ಎಷ್ಟೋ ಗಂಡ ಹೆಂಡಿರನ್ನು ಠಾಣೆಯ ಬಾಗಿಲಲ್ಲಿ ನೋಡಿದ್ದೇನೆ, ಇಂಥ ನೋಟ ನೋಡಿರಲಿಲ್ಲ. ಕೊಟ್ರೇಶನ ಮುಖದ ಬೆಳಕು ಆರಿಹೋಯಿತು. ಮತ್ತೆ ಮೇಜಿನ ಕಡೆ ತಿರುಗಿದಾಗ ಅವನ ದನಿ ಬೇರೆಯಾಗಿತ್ತು.

"ಈ ಅಜ್ಜಿ ತಪ್ಪು ಹೇಳ್ತಿದಾರೆ ಸರ್. ಸೋಮವಾರ ಅಲ್ಲ. ಬುಧವಾರ ತಗಡು ಎಳೆದಿದ್ದು ನಾನೇ."

ಕೋಣೆಯಲ್ಲಿ ಮೊದಲು ಬಾಯಿಬಿಟ್ಟವಳು ಬಸಕ್ಕ. "ಏನಪ್ಪಾ ನೀನು! ನಾನೆಳೆದಿದ್ದನ್ನ ನೀನೆಳೆದೆ ಅಂತೀಯಲ್ಲ, ನಿನಗೆ ದೆವ್ವ ಗಿವ್ವ ಹಿಡಿದೈತಾ? ನನ್ನ ಹೆಗಲ ಬಾವು ಸುಳ್ಳಾ?"

"ಕೊಟ್ರೇಶ್," ಎಂದರು ಮಹೇಶ್ವರಪ್ಪ, "ನಿನ್ನೆಯವರೆಗೂ ನಾನಲ್ಲ ಅಂದೆ."

"ಇವತ್ತು ಒಪ್ಕೊಂಡೆ ಸರ್. ನಾನೊಬ್ಬನೇ ಮಾಡಿದ್ದು. ಬುಧವಾರ ಮನೇಲಿರಲಿಲ್ಲ. ನನ್ನ ಹೆಂಡತಿ ನನಗೋಸ್ಕರ ಸುಳ್ಳು ಹೇಳಿದಾಳೆ."

"ಲೇ ಹುಡುಗಾ!" ನನಗೆ ಸಿಟ್ಟು ತಡೆಯಲಾಗಲಿಲ್ಲ. "ಎಳೆದವರು ಇಲ್ಲಿ ನಿಂತಿದಾರೆ. ಜೊತೆಗೆ ಎಳೆದವನು ಸೊರಬದಲ್ಲಿದಾನೆ. ನೀನು ಮಾಡದೆ ಇರೋದನ್ನ ಯಾಕೆ ತಲೆ ಮೇಲೆ ಹಾಕ್ಕೊಳ್ತೀಯ?"

ಅವನು ನನ್ನನ್ನು ನೋಡಲಿಲ್ಲ. ಮಹೇಶ್ವರಪ್ಪನವರ ಮುಂದಿದ್ದ ಬಿಳಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಬರೆಯಲು ಪೆನ್ನು ಕೇಳಿದ.

ಯಾಕೆಂದು ನನಗೆ ಅರ್ಥವಾಗಿತ್ತು, ಅರ್ಥವಾಗಬಾರದಿತ್ತು ಅನಿಸಿತು. ಬುಧವಾರ ಎಂದು ಬರೆದರೆ ತಗಡು ಮಂಗಳವಾರ ಅಲ್ಲೇ ಇತ್ತು. ಆಗ ಉದ್ದ ಮೂಗಿನದು ಪ್ರಾಮಾಣಿಕವಾಗಿ ಕಂಡಿತು. ಆಗ ಜಾಗದ ಗುಟ್ಟು ಯಾರು ಬಿಟ್ಟುಕೊಟ್ಟರು ಎನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಆ ಒಂದು ಪ್ರಶ್ನೆ ಹುಟ್ಟದಿರಲೆಂದು ಈ ಮನುಷ್ಯ ಜೈಲಿಗೆ ಹೋಗಲು ತಯಾರಾಗಿದ್ದ. ಅವನೇ ಜಾಗ ಮಾರಿದ್ದರೆ ಒಂದು ನಿಮಿಷದ ಹಿಂದೆ, ಯಾರೋ ಹೇಳಿದಾರೆ ಎಂದು ತಾನಾಗಿ ಬಾಯಿಬಿಡುತ್ತಿರಲಿಲ್ಲ. ಜಾಗದ ಮಾತನ್ನು ಅವನು ಆಡಿದ್ದರೆ ಮನೆಯಲ್ಲಿ, ಒಬ್ಬಳ ಮುಂದೆ ಮಾತ್ರ ಆಡಿರಬೇಕು.

ಮಹೇಶ್ವರಪ್ಪ ಪೆನ್ನು ಕೊಟ್ಟರು. ಕೊಡದೆ ಅವರಿಗೆ ಬೇರೆ ದಾರಿಯಿರಲಿಲ್ಲ. "ತಪ್ಪೊಪ್ಪಿಗೆ ಕೈಯಲ್ಲಿದ್ದಾಗ ದಿಲ್ಲಿಯಲ್ಲಿ ಈ ಅಮ್ಮನ ಸೋಮವಾರವನ್ನು ಯಾರೂ ಕೇಳುವುದಿಲ್ಲ ಆನಂದಪ್ಪನವರೇ," ಎಂದರು ಮೆಲ್ಲಗೆ. "ಶಿಫಾರಸು ಬರುವ ಸೋಮವಾರ ಸಹಿಯಾಗುತ್ತದೆ. ಅಷ್ಟರೊಳಗೆ ನಿಮ್ಮಿಂದ ಏನಾದರೂ ಸಾಧ್ಯವಾದರೆ ನೋಡಿ."

ಜೀಪಿನ ಇಂಜಿನ್ ಶುರುವಾಯಿತು. ಕೊಟ್ರೇಶ ನನ್ನ ಪಕ್ಕದಲ್ಲೇ ಹಾದು, ಹೆಂಡತಿಯ ಕಡೆ ಮುಖವೆತ್ತದೆ ಹೋಗಿ ಹಿಂದಿನ ಸೀಟಿನಲ್ಲಿ ಕೂತ.

ನಾನು ಹೊರಗೆ ಓಡಿದೆ. ಗಂಗಾಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇಷ್ಟು ದಿನ ನನ್ನ ಬೆನ್ನು ಬಿದ್ದು ಹುಡುಕಿಸಿದವಳು, ಈಗ ಗಂಡನನ್ನು ಒಯ್ಯುತ್ತಿದ್ದರೆ ಅಳುತ್ತಿರಲಿಲ್ಲ.

"ಹೇಳಮ್ಮಾ ಅವರಿಗೆ, ಬುಧವಾರ ಅವನು ಮನೇಲಿದ್ದ ಅಂತ! ಇನ್ನೂ ಗೇಟು ದಾಟಿಲ್ಲ, ಈಗಲೇ ಹೇಳು. ಉಳಿದಿದ್ದು ನಾನು ಪತ್ತೆ ಮಾಡ್ತೀನಿ."

ಜೀಪು ಗೇಟು ದಾಟಿತು. ಅವಳು ಅದು ಮರೆಯಾಗುವವರೆಗೂ ನೋಡಿ, ನನ್ನ ಕಡೆ ತಿರುಗಿ ಕೈ ಮುಗಿದಳು.

"ಸಾಕು ಸಾರ್. ನಿಮಗೆ ಪುಣ್ಯ ಬರ್ತದೆ. ಇನ್ನು ಹುಡುಕ್ಬೇಡ್ರಿ."